ಕರಡಮ್ಮನ ಮೂರು ಮಾರ್ಗಗಳು

ಇಲಾಖೆಯಲ್ಲಿ ಆಕೆ ಎದುರಿಗೆ ಮೇಡಂ, ಬೆನ್ನ ಹಿಂದೆ ಕರಡಮ್ಮ. ಆಕೆಗೂ ಅದು ಗೊತ್ತಿತ್ತು, ಬೇಸರವೇನೂ ಇರಲಿಲ್ಲ. ಸರ್ಕಾರದ ಯಾವ ಮಾತಾದರೂ ಮೊದಲು ಕರಡಾಗಿಯೇ ಹುಟ್ಟಬೇಕಲ್ಲ. ಸಂಪರ್ಕ ಇಲಾಖೆಯ ಮಟ್ಟಿಗೆ ಆ ಹೆರಿಗೆಗಳೆಲ್ಲ ಆಗುತ್ತಿದ್ದುದು ಆಕೆಯ ಮೇಜಿನ ಮೇಲೆ. ಹುಟ್ಟಿದ ಕೂಸಿಗೆ ಹೆಸರು ಮಾತ್ರ ಬೇರೆಯವರದು. ಕೆಳಗೆ ಸಹಿ ಕಾರ್ಯದರ್ಶಿಗಳದು, ಪತ್ರಿಕೆಯಲ್ಲಿ ಫೋಟೊ ಮಂತ್ರಿಗಳದು. ಕರಡು ಬರೆದ ಶಾಖಾಧಿಕಾರಿಯ ಹೆಸರು ಎಲ್ಲೂ ಕಾಣಕೂಡದು ಎಂಬುದು ಅಲ್ಲಿನ ಪದ್ಧತಿ. ಆದೇಶ ಹೊರಬಿದ್ದ ದಿನವೇ ಕರಡಿನ ಪ್ರತಿಗಳನ್ನೆಲ್ಲ ಕಾಗದ ಕತ್ತರಿಸುವ ಯಂತ್ರದ ಬಾಯಿಗೆ ಹಾಕುತ್ತಿದ್ದರು, ಕಂಪ್ಯೂಟರಿನಿಂದಲೂ ಅಳಿಸುತ್ತಿದ್ದರು.

ಆಕೆಯ ಮೇಜು ದೊಡ್ಡದೊಂದು ಕಂಬದ ಹಿಂದೆ ಇತ್ತು. ಕಿಟಕಿ ತೆರೆದರೆ ಕಾಣುವುದು ಪಕ್ಕದ ಕಟ್ಟಡದ ಎಸಿಗಳ ಬೆನ್ನು; ಅವು ಉಗುಳುವ ಬಿಸಿಗಾಳಿಗೆ ಹೆದರಿ ಆಕೆ ಕಿಟಕಿಯ ಚಿಲಕಕ್ಕೆ ಕೈ ಹಾಕುತ್ತಲೇ ಇರಲಿಲ್ಲ. ಅಲ್ಲಿ ಕೂತೇ ಎಷ್ಟೋ ಕಾರ್ಯದರ್ಶಿಗಳನ್ನು ನೋಡಿದಳು, ಬಂದವರನ್ನೂ, ಎತ್ತಂಗಡಿಯಾಗಿ ಹೋದವರನ್ನೂ. ಯಾರೇ ಬರಲಿ, ಯಾವ ವಿಷಯಕ್ಕಾದರೂ ಅವರು ಕೇಳುತ್ತಿದ್ದುದು ಮೂರು ಮಾರ್ಗ. ಒಂದನೆಯದು, ಏನೂ ಮಾಡದೆ ಸುಮ್ಮನಿರುವುದು. ಮೂರನೆಯದು, ಮೈಮೇಲೆ ಬಂದವರ ಹಾಗೆ ಎಲ್ಲವನ್ನೂ ಒಟ್ಟಿಗೆ ಮಾಡುವುದು. ಎರಡನೆಯದು ಇವೆರಡರ ನಡುವಿನದು. ಕಾರ್ಯದರ್ಶಿಗಳು ಕನ್ನಡಕ ಏರಿಸಿ, ಮೂರನ್ನೂ ಓದಿದಂತೆ ಮಾಡಿ, ತಮಗೇ ಹೊಳೆದದ್ದೇನೋ ಎಂಬ ಗತ್ತಿನಲ್ಲಿ ನಡುವಿನದರ ಮೇಲೆ ಬೆರಳಿಡುತ್ತಿದ್ದರು. ಕ್ಯಾಂಟೀನಿನ ಟೆಂಡರಿರಲಿ, ಉಪಗ್ರಹದ ಒಪ್ಪಂದವಿರಲಿ, ಬೆರಳು ಬೀಳುವ ಜಾಗ ಅದೇ. ಈ ಗುಟ್ಟು ತಿಳಿದ ಮೇಲೆ ಕರಡಮ್ಮ ತನಗೆ ಸರಿ ಕಂಡದ್ದನ್ನು ನಡುವೆ ಕೂರಿಸಿ, ಆಚೆಗೊಂದು ಈಚೆಗೊಂದು ಬೊಂಬೆ ನಿಲ್ಲಿಸಿ ಫೈಲು ಕಳಿಸುವುದನ್ನು ಕಲಿತಳು. ಅದು ಸೋತ ನೆನಪೇ ಆಕೆಗೆ ಇರಲಿಲ್ಲ.

ಆದರೆ ಬೊಂಬೆಗೂ ಒಳ್ಳೇ ಬಟ್ಟೆ ತೊಡಿಸಬೇಕಾಗುತ್ತಿತ್ತು. ಪ್ರತಿ ಮಾರ್ಗದ ಕೆಳಗೂ ಅದರ ಗುಣ ಬರೆಯಬೇಕೆಂಬುದು ನಿಯಮ. ಗುಣವೇ ಇಲ್ಲದ ಮಾರ್ಗ ಬರೆದರೆ ಇದು ಲೆಕ್ಕಕ್ಕೆ ನಿಲ್ಲಿಸಿದ್ದು ಅಂತ ಎಂಥ ದಡ್ಡನಿಗೂ ವಾಸನೆ ಬಡಿಯುತ್ತದೆ. ಹಾಗಾಗಿ ಯಾವುದು ಸಾಯಲಿ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಳೋ ಅದನ್ನೇ ಆಕೆ ಎಲ್ಲಕ್ಕಿಂತ ಚೆನ್ನಾಗಿ ಹೊಗಳುತ್ತಿದ್ದಳು. ಅದರಲ್ಲಿ ಆಕೆಗೆ ಹೆಮ್ಮೆಯೂ ಇತ್ತು. ಹೊಗಳಿಕೆಯ ಕೊನೆಗೆ ಆಕೆಯದೇ ಒಂದು ಮುದ್ರೆ ಬೀಳುತ್ತಿತ್ತು: ‘ಎಂಬುದು ಅನುಭವದಿಂದ ದೃಢಪಟ್ಟಿದೆ.’ ಯಾರ ಅನುಭವ, ಯಾವಾಗಿನದು ಎಂದು ಒಬ್ಬ ಕಾರ್ಯದರ್ಶಿಯೂ ಕೇಳಿದವರಲ್ಲ.

ಕೇಳಿದವನು ತಮ್ಮ ಒಬ್ಬನೇ. ಅವ್ವ ಬೇಗ ಹೋದಳು, ತಮ್ಮನನ್ನು ಸಾಕಿದವಳು ಇವಳೇ. ಮದುವೆಯ ಮಾತು ಬಂದಾಗಲೆಲ್ಲ ಅವನ ಓದು ಮುಗಿಯಲಿ ಎಂದಳು. ಓದು ಮುಗಿಯುವ ಹೊತ್ತಿಗೆ ಮಾತು ತರುವವರೂ ಮುಗಿದಿದ್ದರು. ಅವನ ಶಾಲೆಯ ಪ್ರಬಂಧಗಳನ್ನೆಲ್ಲ ಇವಳೇ ಬರೆದುಕೊಟ್ಟವಳು. ‘ಹಸು ಸಾಧು ಪ್ರಾಣಿ ಎಂಬುದು ಅನುಭವದಿಂದ ದೃಢಪಟ್ಟಿದೆ’ ಎಂದು ಓದಿ ಮೇಷ್ಟ್ರು ಕಿವಿ ಹಿಂಡಿದ ಮೇಲೆ ಅವನು ಆ ಸಾಲನ್ನು ಬಿಡಲೇ ಇಲ್ಲ. ದೊಡ್ಡವನಾಗಿ, ತಾನೂ ಭೂಗೋಳದ ಮೇಷ್ಟ್ರಾಗಿ, ಹೆಂಡತಿಯನ್ನು ಕರೆದುಕೊಂಡು ಬಂದು ಅಕ್ಕನ ಮನೆಯಲ್ಲೇ ಉಳಿದ ಮೇಲೂ ಅದೇ. ಊಟಕ್ಕೆ ಕೂತಾಗ ಹೆಂಡತಿ “ಉಪ್ಪು ಸಾಕಾ?” ಎಂದರೆ ಅಕ್ಕನ ಕಡೆ ಓರೆಗಣ್ಣು ಬಿಟ್ಟು, “ಉಪ್ಪು ಸಾಕಷ್ಟಿದೆ ಎಂಬುದು ಅನುಭವದಿಂದ ದೃಢಪಟ್ಟಿದೆ” ಎನ್ನುತ್ತಿದ್ದ. ನಿತ್ಯ ಕೇಳಿದರೂ ಮೂವರಿಗೂ ನಗು ಬರುತ್ತಿತ್ತು.

ಅಂಥ ಮನೆಗೆ ಒಂದು ದಿನ ಬೆಳಗ್ಗೆ, ಇಸ್ತ್ರಿ ಪೆಟ್ಟಿಗೆ ಬಿಸಿಯಾಗುತ್ತಿದ್ದ ಹೊತ್ತಿಗೆ, ಪೊಲೀಸರು ಬಂದರು. ತಮ್ಮನ ಶಾಲೆಗೆ ಯಾರೋ ಬೆದರಿಕೆಯ ಮೇಲ್ ಕಳಿಸಿದ್ದರು: ಪರೀಕ್ಷೆ ನಡೆಸಿದರೆ ಕಟ್ಟಡ ಉಡಾಯಿಸುತ್ತೇವೆ. ಮಕ್ಕಳನ್ನೆಲ್ಲ ಬಯಲಿಗೆ ಓಡಿಸಿ, ನಾಯಿಗಳನ್ನು ಬಿಟ್ಟು ಹುಡುಕಿ, ಏನೂ ಸಿಗದೆ ಪರೀಕ್ಷೆ ಮುಂದಕ್ಕೆ ಹೋಗಿತ್ತು. ಮೇಲ್ ಹೊರಟ ಇಂಟರ್ನೆಟ್ ವಿಳಾಸ ಯಾರದು ಎಂದು ಪೊಲೀಸರು ಕಂಪನಿಯನ್ನು ಕೇಳಿದರು. ಕಂಪನಿಯವರು ಒಂದು ಹೆಸರು ಬರೆದುಕೊಟ್ಟು ಕೈತೊಳೆದುಕೊಂಡರು. ಆ ಹೆಸರು ತಮ್ಮನದು. ಅದೇ ಶಾಲೆಯ ಮೇಷ್ಟ್ರು ಬೇರೆ, ಇನ್ನೇನು ಬೇಕು? ಅವನನ್ನೂ, ಅವನ ಫೋನನ್ನೂ, ಕಂಪ್ಯೂಟರನ್ನೂ ಒಂದೇ ಜೀಪಿನಲ್ಲಿ ಹಾಕಿಕೊಂಡು ಹೋದರು.

ಇಡೀ ಬೀದಿಯಲ್ಲಿ ಅದೇನು ಅಂತ ಅರ್ಥವಾದದ್ದು ಕರಡಮ್ಮನಿಗೆ ಮಾತ್ರ, ಅದೂ ಅದು ಆಕೆಯ ಇಲಾಖೆಯದೇ ಹಳೇ ತಲೆನೋವಾದ್ದರಿಂದ. ಇಂಟರ್ನೆಟ್‌ಗೆ ಸೇರುವ ಪ್ರತಿಯೊಂದಕ್ಕೂ ಒಂದು ಅಂಕಿಯ ವಿಳಾಸ ಬೇಕು. ಇಂಟರ್ನೆಟ್ ಹುಟ್ಟಿದ ಕಾಲದಲ್ಲಿ ಎಣಿಸಿ ಇಟ್ಟ ವಿಳಾಸಗಳು ಎಂದೋ ಖಾಲಿಯಾಗಿದ್ದವು. ಹೊಸ ಪದ್ಧತಿಯೊಂದು ಬಂದು, ಅದೂ ಹಳತಾಗುತ್ತಿತ್ತು. ಅದರಲ್ಲಿ ಮನೆಗೊಂದೇಕೆ, ಮನೆಯ ಬಲ್ಬಿಗೊಂದರಂತೆ ಕೊಟ್ಟರೂ ಮುಗಿಯದಷ್ಟು ವಿಳಾಸಗಳಿವೆ. ಆದರೆ ಅದಕ್ಕೆ ಹೊರಳಬೇಕಾದರೆ ಕಂಪನಿಗಳು ಯಂತ್ರ ಬದಲಿಸಬೇಕು. ಯಾವ ಗಿರಾಕಿಯೂ ಕೇಳುತ್ತಿಲ್ಲ, ಅವನು ಬದಲಿಸಲಿ ನಾನು ನೋಡುತ್ತೇನೆ ಎಂದು ಇವನು, ಇವನು ಬದಲಿಸಲಿ ಎಂದು ಅವನು. ಅಲ್ಲಿಯವರೆಗೆ ಒಂದು ಹಳೇ ವಿಳಾಸದ ಹಿಂದೆ ನೂರಾರು ಮನೆಗಳನ್ನು ತುಂಬಿದ್ದರು. ಇಡೀ ಬಡಾವಣೆಗೆ ಒಂದೇ ಬಾಗಿಲ ಸಂಖ್ಯೆ ಕೊಟ್ಟ ಹಾಗೆ. ಯಾವ ಗಳಿಗೆಯಲ್ಲಿ ಯಾರು ಹೊರಗೆ ಹೋದರು ಎಂದು ಕಂಪನಿ ಬರೆದಿಟ್ಟುಕೊಂಡರೆ ಮಾತ್ರ ಒಬ್ಬನನ್ನು ಗುರುತಿಸಬಹುದು. ಈ ಕಂಪನಿ ಬರೆದಿಟ್ಟಿರಲಿಲ್ಲ. ಪಟ್ಟಿಯಲ್ಲಿ ಶಾಲೆಯ ಮೇಷ್ಟ್ರೊಬ್ಬ ಕಂಡ, ಅವನ ಹೆಸರು ಕೊಟ್ಟಿತು.

ಪೊಲೀಸರು ಅವನ ಕಂಪ್ಯೂಟರನ್ನು ಜಾಲಾಡಿದರೂ ನಕ್ಷೆಗಳು, ಪ್ರಶ್ನೆಪತ್ರಿಕೆಗಳು ಬಿಟ್ಟರೆ ಏನೂ ಸಿಗಲಿಲ್ಲ. ಸಾಕ್ಷ್ಯವಿಲ್ಲ ಎಂದು ಬರೆದು ಕಳಿಸಿಬಿಟ್ಟರು. ತಪ್ಪು ಮಾಡಿಲ್ಲ ಎಂದು ಬರೆಯಲಿಲ್ಲ. ಈ ಎರಡರ ನಡುವಿನ ಅಂತರದಲ್ಲಿ ತಮ್ಮನ ಕೆಲಸ ಹೋಯಿತು. ಮಾರುಕಟ್ಟೆಯಲ್ಲಿ ತಾಯಂದಿರು ಮಕ್ಕಳ ಕೈ ಹಿಡಿದು ಆ ಕಡೆ ಎಳೆದುಕೊಳ್ಳುವುದನ್ನು ಕಂಡು ಅವನು ಹೊರಗೆ ಹೋಗುವುದನ್ನೇ ಬಿಟ್ಟ. ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರನ್ನು ಮಾತ್ರ ಹೋಗಿ ಹೋಗಿ ಬೇಡಿದ, ಕಾಲಿಗೆ ಬೀಳುವುದೊಂದು ಬಾಕಿ. ಅವರು ಕೊನೆಗೆ ಒಂದು ಮಾತು ಹೇಳಿದರು.

“ನೋಡ್ರೀ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ಒಂದೇ ವಿಳಾಸ ನೂರಾರು ಮನೆಗೆ ಇರುತ್ತೆ ಅಂತ ನೀವು ಹೇಳ್ತೀರಿ. ನೀವು ಹೇಳಿದ್ರೆ ಪೋಷಕರು ಒಪ್ತಾರಾ? ಸರ್ಕಾರದ ಕಡೆಯಿಂದ ಅಚ್ಚಾಗಿರೋ ಒಂದು ಸಾಲು ತೋರಿಸಿ. ಮಾರನೇ ದಿನ ಬಂದು ಪಾಠ ಮಾಡಿ.”

ತಮ್ಮ ಅದನ್ನು ಅಕ್ಕನಿಗೆ ಹೇಳಿದ. ಇಲಾಖೆಯಲ್ಲಿ ಆ ವಿಷಯದ ಫೈಲು ಯಾವಾಗ ಏಳುತ್ತದೋ ಎಂದು ಕರಡಮ್ಮ ಕಾಯತೊಡಗಿದಳು. ಕೆಲವು ತಿಂಗಳ ಮೇಲೆ ಕಾರ್ಯದರ್ಶಿಗಳ ಕೋಣೆಯಿಂದ ಫೈಲು ಬಂತು: ‘ಇಂಟರ್ನೆಟ್‌ನ ಹೊಸ ವಿಳಾಸ ಪದ್ಧತಿಯನ್ನು ಉತ್ತೇಜಿಸುವ ಕುರಿತು. ಮೂರು ಮಾರ್ಗ ಸೂಚಿಸಿ.’ ಫೈಲನ್ನು ಎದೆಗವುಚಿಕೊಂಡು ಕಂಬದ ಹಿಂದೆ ಸ್ವಲ್ಪ ಹೊತ್ತು ಅತ್ತಳು. ತಮ್ಮನ ವಿಷಯ ಮೇಲಿನವರಿಗೆ ಹೇಳಬೇಕಿತ್ತು. ಹೇಳಿದರೆ ಫೈಲು ಬೇರೆ ಮೇಜಿಗೆ ಹೋಗುತ್ತಿತ್ತು. ಹೇಳಲಿಲ್ಲ.

ಅಷ್ಟು ಶ್ರದ್ಧೆಯಿಂದ ಆಕೆ ಯಾವ ಕರಡನ್ನೂ ಬರೆದಿರಲಿಲ್ಲ. ಮೂರನೇ ಮಾರ್ಗದಲ್ಲಿ ಕಾನೂನು ತಂದು, ಗಡುವು ಹಾಕಿ, ಹೊರಳದ ಕಂಪನಿಗೆ ದಂಡ ಹಾಕುವುದನ್ನು ಬರೆದಳು. ಇದನ್ನು ಯಾರೂ ಒಪ್ಪುವುದಿಲ್ಲ ಎಂದು ಆಕೆಗೆ ಗೊತ್ತು, ಒಪ್ಪದಿರಲಿ ಎಂದೇ ಬರೆದದ್ದು. ನಡುವೆ ತನ್ನ ಜೀವವನ್ನೇ ಇಟ್ಟಳು: ಸರ್ಕಾರ ಇನ್ನು ಮುಂದೆ ಹೊಸ ವಿಳಾಸ ಬಲ್ಲ ಯಂತ್ರಗಳನ್ನೇ ಕೊಳ್ಳಬೇಕು, ಹೊಸ ವಿಳಾಸ ಕೊಡುವ ಕಂಪನಿಗೇ ಗುತ್ತಿಗೆ ಕೊಡಬೇಕು. ಆಸ್ಪತ್ರೆ, ಶಾಲೆ, ಕಚೇರಿ ಎಲ್ಲ ಸೇರಿ ಸರ್ಕಾರಕ್ಕಿಂತ ದೊಡ್ಡ ಗಿರಾಕಿ ಯಾರಿದ್ದಾರೆ? ಗಿರಾಕಿ ಕೇಳಿದರೆ ಅಂಗಡಿಯವನು ತಂದೇ ತರುತ್ತಾನೆ. ಅದರ ಕೆಳಗೆ, ಯಾಕೆ ಬೇಕು ಎಂಬುದಕ್ಕೆ ಒಂದು ಸಾಲು: ‘ಹಳೆಯ ಒಂದು ವಿಳಾಸದ ಹಿಂದೆ ನೂರಾರು ಮನೆಗಳು ಇರಬಹುದಾದ್ದರಿಂದ ವಿಳಾಸವೊಂದನ್ನೇ ಆಧರಿಸಿ ಯಾರನ್ನೂ ಅಪರಾಧಿಯೆಂದು ಭಾವಿಸುವಂತಿಲ್ಲ.’ ಇನ್ನು ಒಂದನೇ ಮಾರ್ಗ, ಏನೂ ಮಾಡದಿರುವುದು. ಅದಕ್ಕೂ ಗುಣ ಬೇಕಲ್ಲ? ಕಂಪನಿಗಳು ಕಳಿಸಿದ್ದ ಮನವಿಯನ್ನು ತೆಗೆದು, ಹಲ್ಲು ಕಚ್ಚಿಕೊಂಡು, ಅಭ್ಯಾಸಬಲದಿಂದ ಬರೆದಳು: ‘ಕಂಪನಿಗಳ ಪ್ರಕಾರ, ಈಗಿನ ಪದ್ಧತಿಯಲ್ಲೂ ಬಳಕೆದಾರರನ್ನು ತಪ್ಪಿಲ್ಲದೆ ಗುರುತಿಸಬಹುದು ಎಂಬುದು ಅನುಭವದಿಂದ ದೃಢಪಟ್ಟಿದೆ.’ ಬರೆದಾದ ಮೇಲೆ ಓದಿ ನೋಡಿದಳು. ಸಾಲು ಚೆನ್ನಾಗಿ ಕೂತಿತ್ತು.

ಸಭೆಯಲ್ಲಿ ಕಂಪನಿಯವರ ಪ್ರತಿನಿಧಿಗಳಿದ್ದರು, ಕಾನೂನು ಇಲಾಖೆಯವರಿದ್ದರು, ಬಿಸ್ಕತ್ತಿನ ತಟ್ಟೆಗಳಿದ್ದವು. ಬದಲಿಸೋಣ, ಖರ್ಚು ಸರ್ಕಾರವೇ ಕೊಡಲಿ ಎಂದು ಕಂಪನಿಯವರು ಹಲ್ಲು ಕಿರಿದರು. ದಂಡದ ಮಾತು ಬಂದದ್ದೇ ಹೌಹಾರಿದರು. ಹೊಸ ಕಾನೂನು ತರುವುದು ಈ ವರ್ಷದ ಮಾತಲ್ಲ ಎಂದು ಕಾನೂನಿನವರು ರಾಗ ಎಳೆದರು. ಗೋಡೆ ಪಕ್ಕದ ಕುರ್ಚಿಯಲ್ಲಿ ಕರಡಮ್ಮ ಒಳಗೊಳಗೇ ಹಿಗ್ಗುತ್ತಿದ್ದಳು. ಬೆರಳು ನಡುವಿನದರ ಮೇಲೆ ಬೀಳುವುದಷ್ಟೇ ಬಾಕಿ.

ಕಾರ್ಯದರ್ಶಿಗಳು ಕನ್ನಡಕ ಏರಿಸಿದರು. “ಮೂರನೇದು ಬೇಡ. ತೆಗೆದುಹಾಕಿ. ಇದನ್ನ ಮಂತ್ರಿಗಳ ಹತ್ರ ತಗೊಂಡು ಹೋದ್ರೆ ನನ್ನನ್ನೇ ತೆಗೆದುಹಾಕ್ತಾರೆ.”

ಎಲ್ಲರೂ ನಕ್ಕರು.

“ಆದ್ರೆ ಮೂರು ಮಾರ್ಗ ಇರ್ಬೇಕಲ್ಲ ಮೇಡಂ? ಒಂದು ಕೆಲಸ ಮಾಡಿ. ಒಂದನೇದು, ಎರಡನೇದು ಇವೆಯಲ್ಲ, ಅವೆರಡರ ಮಧ್ಯೆ ಒಂದು ಹಾಕಿ. ಜನಜಾಗೃತಿ. ಸಪ್ತಾಹ, ಪೋಸ್ಟರು, ಶಾಲೆಗಳಲ್ಲಿ ಭಾಷಣ ಸ್ಪರ್ಧೆ. ಯಾರಿಗೂ ನೋವಾಗಲ್ಲ.”

ಕರಡಮ್ಮನಿಗೆ ಕುರ್ಚಿಯೇ ಜಾರಿದಂತಾಯಿತು. ಆಕೆಯ ಎರಡನೇ ಮಾರ್ಗ ಈಗ ಮೂರನೆಯದಾಗಿತ್ತು. ಯಾರೂ ಬೆರಳಿಡದ ಜಾಗಕ್ಕೆ ಅದನ್ನು ತಳ್ಳಿಯಾಗಿತ್ತು. ಗೋಡೆ ಪಕ್ಕದವರು ಬಾಯಿ ಬಿಡುವ ಪದ್ಧತಿ ಇರಲಿಲ್ಲ; ಆದರೂ ಆಚೆಗೆ ಇನ್ನೊಂದು ಬೊಂಬೆ ನಿಂತರೆ ತನ್ನದು ಮತ್ತೆ ನಡುವೆ ಬಂದೀತೆಂದು ಆಕೆ ಎದ್ದು ನಿಂತಳು.

“ಸರ್, ಇನ್ನೂ ಒಂದು ಮಾರ್ಗ ಸೇರಿಸ್ಬಹುದು. ಹಳೇ ವಿಳಾಸಗಳನ್ನೇ ಒಂದು ದಿನ ಪೂರ್ತಿ ಬಂದ್ ಮಾಡೋದು. ಅದನ್ನ ಕೊನೆಗೆ ಹಾಕ್ತೀನಿ.”

“ಏನ್ ಮೇಡಂ, ತಮಾಷೆ ಮಾಡ್ತಿದ್ದೀರಾ?”

“ಸರ್, ಪೋಸ್ಟರ್ ಅಂಟಿಸಿದ್ರೆ ಯಾವ ಕಂಪನಿಯೂ ಯಂತ್ರ ಬದಲಿಸಲ್ಲ. ಈ ಹಳೇ ವಿಳಾಸದಿಂದ ಅಮಾಯಕರು ಸಿಕ್ಕಿಹಾಕ್ಕೊಳ್ತಿದ್ದಾರೆ. ಅವರ ಬಾಳೇ...”

ಕಾರ್ಯದರ್ಶಿಗಳು ಕನ್ನಡಕ ತೆಗೆದು ಆಕೆಯನ್ನು ಮೊದಲ ಸಲ ನೋಡಿದಂತೆ ನೋಡಿದರು. “ಯಾಕೆ ಇಷ್ಟೊಂದು ಮನಸ್ಸಿಗೆ ಹಚ್ಚಿಕೊಂಡಿದ್ದೀರಿ? ನಿಮ್ಮ ಕಡೆಯವರು ಯಾರಾದ್ರೂ ಇದ್ದಾರಾ ಇದರಲ್ಲಿ?”

ಹೌದು ಎಂದರೆ ಫೈಲು ಆ ಕ್ಷಣವೇ ಕೈತಪ್ಪುತ್ತದೆ. ಮಾರ್ಗ ಹೋದರೂ ನೂರಾರು ಮನೆಗಳ ಆ ಒಂದು ಸಾಲನ್ನಾದರೂ ಉಳಿಸಿಕೊಳ್ಳಬೇಕೆಂದರೆ ಫೈಲು ಕೈಯಲ್ಲಿರಬೇಕು. “ಯಾರೂ ಇಲ್ಲ ಸರ್” ಎಂದು ಆಕೆ ಕೂತಳು. ಹೊಟ್ಟೆಯಲ್ಲಿ ಹುಟ್ಟದಿದ್ದರೂ ಮಗನಂತೆ ಸಾಕಿದವನನ್ನು ಬಿಸ್ಕತ್ತಿನ ತಟ್ಟೆಗಳ ಮುಂದೆ ಇಲ್ಲವೆಂದಳು. ತಟ್ಟೆ ಆಕೆಯ ಕಡೆಗೂ ಬಂತು. ಒಂದು ಬಿಸ್ಕತ್ತು ತೆಗೆದುಕೊಂಡಳು.

ಆಮೇಲೆ ಆ ಸಾಲನ್ನು ಕಂಕುಳಲ್ಲಿಟ್ಟುಕೊಂಡು ಕಾದಳು. ಮಾರ್ಗದಿಂದ ತೆಗೆದು ಹಿನ್ನೆಲೆಯ ಭಾಗಕ್ಕೆ ಹಾಕಿದಳು. ಪೊಲೀಸ್ ಇಲಾಖೆಯಿಂದ ಆಕ್ಷೇಪ ಬಂತು: ಸರ್ಕಾರವೇ ಹೀಗೆ ಒಪ್ಪಿಕೊಂಡರೆ ಮುಗಿದ ಕೇಸುಗಳೆಲ್ಲ ಮತ್ತೆ ಬಾಯಿ ತೆರೆಯುತ್ತವೆ. ಅಡಿಟಿಪ್ಪಣಿಗೆ ಇಳಿಸಿದಳು. ಅಲ್ಲಿಂದಲೂ ಕೆಂಪು ಗೆರೆ. ‘ನೂರಾರು’ ಹೋಗಿ ‘ಕೆಲವು’ ಎಂದಾದರೂ ಇರಲಿ ಎಂದು ಬೇಡಿದಳು. ಜಂಟಿ ಕಾರ್ಯದರ್ಶಿ ನಗುತ್ತಲೇ, “ಬಿಡಿ ಮೇಡಂ, ತಿಪ್ಪೆ ಸಾರಿಸೋ ಕೆಲಸದಲ್ಲಿ ನೀವ್ಯಾಕೆ ಸತ್ಯ ಹುಡುಕ್ತೀರಾ” ಎಂದು ಅದನ್ನೂ ಹೊಡೆದುಹಾಕಿದ. ಕೊನೆಯ ತಿದ್ದುಪಡಿ ಮಂತ್ರಿಗಳ ಕಚೇರಿಯಲ್ಲಿ ಆಯಿತು, ಅದನ್ನು ಆಕೆಗೆ ತೋರಿಸಲೇ ಇಲ್ಲ. ನೀತಿ ಅಚ್ಚಾಗಿ ಹೊರಬಂತು. ಕರಡುಗಳು ಯಂತ್ರದ ಬಾಯಿಗೆ ಹೋದವು. ಬೀದಿ ಬೀದಿಗೂ ಪೋಸ್ಟರ್ ಬಿತ್ತು: ನಗುವ ಕುಟುಂಬವೊಂದು ನಗುವ ಕಂಪ್ಯೂಟರಿನ ಸುತ್ತ ನಿಂತಿತ್ತು. ಆಕೆ ಅಚ್ಚಾದ ಪ್ರತಿಯನ್ನು ಮುಟ್ಟಲೂ ಇಲ್ಲ. ಮನೆಯಲ್ಲಿ, ಪ್ರಯತ್ನ ಮಾಡಿದೆ, ಆಗಲಿಲ್ಲ ಎಂದಷ್ಟೇ ಹೇಳಿದಳು. “ಬಿಡಕ್ಕಾ, ನೀನೇನು ಮಾಡ್ತೀಯ” ಎಂದ ತಮ್ಮ.

ಆದರೂ ಆಡಳಿತ ಮಂಡಳಿ ಅವನನ್ನು ಕೊನೆಯ ಸಲ ಕರೆಯಿತು. ತಮ್ಮ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಎಷ್ಟೋ ದಿನದ ಮೇಲೆ ಗಡ್ಡ ಬೋಳಿಸಿ ಹೊರಟ. ಅವನ ಹೆಂಡತಿ, “ಅತ್ತಿಗೇ, ನೀವೂ ಜೊತೇಲಿ ಹೋಗಿ, ಅವರಿಗೆ ಮಾತೇ ಬರಲ್ಲ ಈಗ” ಎಂದಳು. ಕರಡಮ್ಮ ರಜೆ ಹಾಕಿ ಹೋದಳು. ಶಾಲೆಯ ಕಚೇರಿಯಲ್ಲಿ ಗ್ಲೋಬೊಂದಿತ್ತು. ಅದರ ಮೇಲೆ ಧೂಳು ಕೂತಿತ್ತು. ತಮ್ಮ ಕೂತವನೇ ಅಂಗೈಯಿಂದ ಅದನ್ನು ಒರೆಸತೊಡಗಿದ.

ಅಧ್ಯಕ್ಷರ ಕೈಯಲ್ಲಿ ಹೊಳೆಯುವ ರಕ್ಷಾಪುಟದ ಪುಸ್ತಿಕೆಯಿತ್ತು. “ಸಪ್ತಾಹಕ್ಕೆ ಅಂತ ನಮ್ಮ ಶಾಲೆಗೂ ಕಳಿಸಿದ್ರು. ನಿಮಗೆ ಅನುಕೂಲ ಆಗೋದು ಏನಾದ್ರೂ ಇರಬಹುದು ಅಂತ ನಾನೇ ಕೂತು ಓದಿದೆ ಕಣ್ರೀ. ಪೀಠಿಕೆಯಲ್ಲೇ ಹೀಗಿದೆ, ಕೇಳಿ.” ಅವರು ಕನ್ನಡಕ ಏರಿಸಿ ಓದಿದರು: “‘ಆತುರದ ಕ್ರಮಗಳು ಅಗತ್ಯವಿಲ್ಲ. ಈಗಿನ ಪದ್ಧತಿಯಲ್ಲೂ ಬಳಕೆದಾರರನ್ನು ತಪ್ಪಿಲ್ಲದೆ ಗುರುತಿಸಬಹುದು ಎಂಬುದು ಅನುಭವದಿಂದ ದೃಢಪಟ್ಟಿದೆ.’”

‘ಕಂಪನಿಗಳ ಪ್ರಕಾರ’ ಎಂಬ ಎರಡು ಪದ ಎಲ್ಲೋ ದಾರಿಯಲ್ಲಿ ಉದುರಿಹೋಗಿದ್ದವು. ಗ್ಲೋಬಿನ ಮೇಲೆ ತಮ್ಮನ ಕೈ ನಿಂತಿತು.

“ಕೊನೇ ಸಾಲು ಇನ್ನೊಂದ್ಸಲ ಓದ್ತೀರಾ ಸರ್?” ಎಂದ.

ಅಧ್ಯಕ್ಷರು ಓದಿದರು. ತಮ್ಮ ಅಕ್ಕನ ಕಡೆ ತಿರುಗಿದ. ಊಟದ ಹೊತ್ತಿನ ಓರೆಗಣ್ಣಲ್ಲ, ನೇರವಾಗಿ. ಕರಡಮ್ಮ ದಡಕ್ಕನೆ ಎದ್ದಳು.

“ಅದು ಸುಳ್ಳು. ಆ ಸಾಲು ಸುಳ್ಳು.”

“ನೀವ್ಯಾರಮ್ಮ?”

“ಇವನ ಅಕ್ಕ. ಆ ಸಾಲು ಬರೆದವಳೂ ನಾನೇ. ಸಂಪರ್ಕ ಇಲಾಖೇಲಿ ಶಾಖಾಧಿಕಾರಿ. ಅದು ಬೇಡ ಅನ್ನೋ ಮಾರ್ಗಕ್ಕೆ ಬರೆದದ್ದು, ಅದನ್ನ ಕಿತ್ತು ಪೀಠಿಕೆಗೆ ಹಾಕಿದ್ದಾರೆ. ಇವನು ಏನೂ ಮಾಡಿಲ್ಲ ಸರ್, ಒಂದು ವಿಳಾಸದ ಹಿಂದೆ ನೂರಾರು ಮನೆ ಇರ್ತವೆ, ಅದನ್ನೂ ನಾನೇ ಬರೆದಿದ್ದೆ...”

ಅಧ್ಯಕ್ಷರು ಕೆಟ್ಟವರಲ್ಲ. ಪುಸ್ತಿಕೆಯನ್ನು ಹಿಂದಕ್ಕೂ ಮುಂದಕ್ಕೂ ತಿರುವಿ ನೋಡಿದರು. ಮಂತ್ರಿಗಳ ಸಂದೇಶವಿತ್ತು, ಕಾರ್ಯದರ್ಶಿಗಳ ಸಹಿಯಿತ್ತು, ಪೋಸ್ಟರ್ ಬರೆದ ಚಿತ್ರಕಾರನ ಹೆಸರೂ ಇತ್ತು. “ನಿಮ್ಮ ಹೆಸರು ಎಲ್ಲೂ ಇಲ್ವಲ್ಲಮ್ಮ. ನೀವು ಬರೆದದ್ದು ಅಂತ ತೋರಿಸೋಕೆ ಏನಾದ್ರೂ ಇದೆಯಾ? ಕರಡು ಗಿರಡು?”

“ಇಲ್ಲ. ಕತ್ತರಿಸಿಬಿಡ್ತಾರೆ.”

ಅಧ್ಯಕ್ಷರು ನಿಟ್ಟುಸಿರು ಬಿಟ್ಟರು. “ಅಕ್ಕ ಅಂದ್ಮೇಲೆ ಕರುಳು ಕೇಳಲ್ಲ, ನನಗೆ ಅರ್ಥ ಆಗುತ್ತೆ. ಆದ್ರೆ ಸರ್ಕಾರದ ಮಾತನ್ನ ಬಿಟ್ಟು ನಿಮ್ಮ ಮಾತನ್ನ ಹೇಗಮ್ಮ ನಂಬೋದು?” ಅಲ್ಲಿಗೆ ತಮ್ಮನ ಕೆಲಸದ ಮಾತು ಮುಗಿಯಿತು.

ಬಸ್ಸಿನಲ್ಲಿ ಇಬ್ಬರೂ ಅಕ್ಕಪಕ್ಕ ಕೂತರು. ನಿಲ್ದಾಣದ ಗೋಡೆಯ ಮೇಲೆ ನಗುವ ಕುಟುಂಬದ ಪೋಸ್ಟರಿತ್ತು, ಒಂದು ಮೂಲೆ ಆಗಲೇ ಕಿತ್ತು ನೇತಾಡುತ್ತಿತ್ತು. ಅಂದು ಊಟಕ್ಕೆ ಕೂತಾಗ ತಮ್ಮನ ಹೆಂಡತಿ ಏನೂ ತಿಳಿಯದೆ, ಅಭ್ಯಾಸದಂತೆ, “ಉಪ್ಪು ಸಾಕಾ?” ಎಂದಳು. ತಮ್ಮ “ಸಾಕು” ಎಂದ. ಅಷ್ಟೇ ಎಂದ.

ಕರಡಮ್ಮ ತಟ್ಟೆ ಸರಿಸಿದಳು. “ಅವರು ನನ್ನ ಮಾತು ನಂಬಲೇ ಇಲ್ಲ ಕಣೋ” ಎಂದಳು.

ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

“ನಾನು ನಂಬ್ತೀನಿ ಅಕ್ಕ” ಎಂದ. “ಅದು ಬರೆದವಳು ನೀನೇ.”